‘ಸಂಶೋಧನೆಯಿಂದ ಸಾಬೀತಾದ’ ಓದಿನ ಪೆಟ್ಟಿಗೆ: ಒಂದು ಶಾಲಾ ವರ್ಷದ ಬಳಕೆಯ ನಂತರ

ಪೆಟ್ಟಿಗೆಯ ಮುಚ್ಚಳದ ಮೇಲೆ ಮೂರು ಕಡೆ ‘ಸಂಶೋಧನೆಯಿಂದ ಸಾಬೀತಾಗಿದೆ’ ಎಂದು ಅಚ್ಚಾಗಿದೆ. ಯಾರ ಸಂಶೋಧನೆ, ಎಷ್ಟು ಮಕ್ಕಳ ಮೇಲೆ ನಡೆದದ್ದು, ಯಾವುದಕ್ಕೆ ಹೋಲಿಸಿ ನೋಡಿದ್ದು ಎಂಬ ವಿವರ ಮಾತ್ರ ಒಳಗಿನ ಕೈಪಿಡಿಯಲ್ಲೂ ಇಲ್ಲ. ಕಲಿಕಾ ನ್ಯೂನತೆಯುಳ್ಳ ಮಕ್ಕಳಿಗೆ ಇಂಗ್ಲಿಷ್ ಓದು ಕಲಿಸಲೆಂದು ತಯಾರಾದ ಈ ಪೆಟ್ಟಿಗೆಯನ್ನು ನಮ್ಮ ಶಾಲೆಯ ಸಂಪನ್ಮೂಲ ಕೊಠಡಿಗೆ ತರಿಸಿಕೊಂಡು, ಮೂವರು ಮಕ್ಕಳೊಂದಿಗೆ ಒಂದು ಇಡೀ ವರ್ಷ ಬಳಸಿದ್ದೇನೆ. ತಯಾರಕರ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಇಂಥದೇ ಸಾಮಗ್ರಿಗಳನ್ನು ಹೆಚ್ಚುಕಡಿಮೆ ಇದೇ ಜೋಡಣೆಯಲ್ಲಿ ಮಾರುವವರು ಹಲವರಿರುವುದರಿಂದ, ಹೆಸರಿಗಿಂತ ಒಳಗಿರುವ ಒಂದೊಂದು ವಸ್ತುವಿನ ಬೆಲೆ ಕಟ್ಟುವುದೇ ಕೊಳ್ಳುವವರಿಗೆ ಹೆಚ್ಚು ಉಪಯೋಗವಾದೀತು.

ಒಳಗಿರುವುದು ಇಷ್ಟು: ಹತ್ತು ಬಣ್ಣದ ಪಾರದರ್ಶಕ ಹಾಳೆಗಳು, ವಿಶೇಷ ಅಕ್ಷರಶೈಲಿಯಲ್ಲಿ ಅಚ್ಚಾದ ಆರು ಕಥೆಪುಸ್ತಕಗಳು, ಮರಳಿನ ತಟ್ಟೆ, ನೆನಪಿನ ಶಕ್ತಿ ಹೆಚ್ಚಿಸುತ್ತದೆ ಎನ್ನುವ ಒಂದು ಆಟದ ಆ್ಯಪ್, ಅಚ್ಚಾದ ಸಾಲಿನ ಮೇಲೆ ಎಳೆದರೆ ಓದಿ ಹೇಳುವ ಪೆನ್ನು, ರಬ್ಬರ್ ಬ್ಯಾಂಡ್ ಹಾಕಿದ ಧ್ವನಿ ಕಾರ್ಡುಗಳ ಒಂದು ಕಟ್ಟು, ಎಲ್ಲಕ್ಕಿಂತ ಕೆಳಗೆ ಒಂದು ತೆಳುವಾದ ಗ್ರಾಫ್ ಪುಸ್ತಕ. ಮೇಲಿನಿಂದ ಕೆಳಕ್ಕೆ ಇರುವ ಈ ಅನುಕ್ರಮವನ್ನೇ ಕೈಪಿಡಿಯೂ ಅನುಸರಿಸುತ್ತದೆ. ಬಣ್ಣದ ಹಾಳೆಗಳಿಗೆ ನಾಲ್ಕು ಪುಟ, ಧ್ವನಿ ಕಾರ್ಡುಗಳಿಗೆ ಒಂದು ಪುಟ, ಗ್ರಾಫ್ ಪುಸ್ತಕಕ್ಕೆ ಅರ್ಧ ಪುಟ. ನನ್ನ ಅನುಭವದಲ್ಲಿಯೂ ನಾನು ಓದಿದ ಅಧ್ಯಯನಗಳಲ್ಲಿಯೂ ಈ ಅನುಕ್ರಮ ತಲೆಕೆಳಗಾಗಿದೆ.

ಬಣ್ಣದ ಹಾಳೆಗಳಿಂದಲೇ ಆರಂಭಿಸುತ್ತೇನೆ, ಏಕೆಂದರೆ ಪೋಷಕರು ಮೊದಲು ಕೈ ಹಾಕುವುದು ಅದಕ್ಕೇ. ಪುಟದ ಮೇಲೆ ಮಗುವಿಗೆ ಹೊಂದುವ ಬಣ್ಣದ ಹಾಳೆ ಇಟ್ಟರೆ ಅಕ್ಷರಗಳು ಅಲುಗಾಡುವುದು ನಿಂತು ಓದು ಸರಾಗವಾಗುತ್ತದೆ ಎಂಬುದು ಇದರ ಹಿಂದಿನ ವಾದ. 1980ರಲ್ಲಿ ಆಲಿವ್ ಮೇರ್ಸ್, 1983ರಲ್ಲಿ ಹೆಲೆನ್ ಇರ್ಲೆನ್ ಮುಂದಿಟ್ಟ ಈ ವಿಚಾರ ಅಂದಿನಿಂದ ಇಂದಿನವರೆಗೆ ಬಿಡುವಿಲ್ಲದೆ ಮಾರಾಟವಾಗುತ್ತಲೇ ಇದೆ. ಆದರೆ 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 7ರಿಂದ 12 ವರ್ಷದ, ಓದಿನಲ್ಲಿ ಹಿಂದುಳಿದಿದ್ದ 61 ಮಕ್ಕಳಿಂದ, ಅವರವರಿಗೆ ಸೂಚಿಸಿದ ಬಣ್ಣದ ಹಾಳೆ, ಬೇರೆ ಬಣ್ಣದ ಹಾಳೆ ಮತ್ತು ಬಣ್ಣವಿಲ್ಲದ ಹಾಳೆಗಳಡಿಯಲ್ಲಿ ಓದಿಸಿದಾಗ, ಓದಿನ ವೇಗದಲ್ಲಿ ಸೂಚಿಸಿದ ಬಣ್ಣದಿಂದ ಯಾವ ಲಾಭವೂ ಕಾಣಲಿಲ್ಲ. ಅದಕ್ಕೂ ಮೊದಲೇ, 2009ರಲ್ಲಿ, ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು ನೇತ್ರ ವೈದ್ಯರ ಸಂಘಗಳೊಂದಿಗೆ ಸೇರಿ ಹೊರಡಿಸಿದ ಜಂಟಿ ಹೇಳಿಕೆಯಲ್ಲಿ, ಬಣ್ಣದ ಹಾಳೆ, ಬಣ್ಣದ ಕನ್ನಡಕ ಮತ್ತು ಕಣ್ಣಿನ ವ್ಯಾಯಾಮಗಳನ್ನು ಕಲಿಕಾ ನ್ಯೂನತೆಯ ಚಿಕಿತ್ಸೆಯಾಗಿ ಬಳಸುವುದಕ್ಕೆ ತಕ್ಕ ಆಧಾರವಿಲ್ಲವೆಂದು ಸ್ಪಷ್ಟಪಡಿಸಿತ್ತು. ಡಿಸ್ಲೆಕ್ಸಿಯಾ, ಅಂದರೆ ಓದಿಗೆ ಸಂಬಂಧಿಸಿದ ಕಲಿಕಾ ನ್ಯೂನತೆ, ಬಹುಮಟ್ಟಿಗೆ ಕಣ್ಣಿನ ತೊಂದರೆಯಲ್ಲ. ಮಾತಿನ ಧ್ವನಿಗಳನ್ನು ಬಿಡಿಸಿ, ಬರೆದ ಗುರುತಿಗೆ ಜೋಡಿಸುವುದರಲ್ಲಿರುವ ತೊಂದರೆ. ಎರಡು ಅಕ್ಷರಗಳನ್ನು ಅದಲುಬದಲು ಮಾಡಿ ಓದುವ ಮಗು, ಅವೇ ಅಕ್ಷರಗಳನ್ನು ನೋಡಿ ನಕಲು ಮಾಡು ಎಂದರೆ ಸರಿಯಾಗಿಯೇ ನಕಲು ಮಾಡಬಲ್ಲದು, ಅಂದರೆ ತೊಡಕಿರುವುದು ನೋಡುವುದರಲ್ಲಲ್ಲ, ಹೆಸರಿಸುವುದರಲ್ಲಿ ಎಂಬುದನ್ನು ಫ್ರಾಂಕ್ ವೆಲ್ಯುಟಿನೊ 1970ರ ದಶಕದಲ್ಲಿಯೇ ತೋರಿಸಿದ್ದರು.

ಇಷ್ಟು ಗೊತ್ತಿದ್ದರೂ ನಾನು ಆ ಹಾಳೆಗಳನ್ನು ಬದಿಗೆ ಸರಿಸಲಿಲ್ಲ. ಮೂವರಲ್ಲಿ ಒಬ್ಬ ಒಂಬತ್ತು ವರ್ಷದ ಹುಡುಗ ಹಳದಿ ಹಾಳೆಯನ್ನು ತಾನೇ ಆರಿಸಿಕೊಂಡ. ಮೊದಲ ವಾರ ಅವನ ಓದು ನಿಜಕ್ಕೂ ಚುರುಕಾಗಿತ್ತು. ಎರಡನೆಯ ವಾರ ಹಳೆಯ ಫೈಲೊಂದರ ಬಣ್ಣವಿಲ್ಲದ ಹೊದಿಕೆಯನ್ನು ಅದೇ ಅಳತೆಗೆ ಕತ್ತರಿಸಿ, ಇದು ಹೊಸದಾಗಿ ಬಂದದ್ದು ಎಂದು ಹೇಳಿ ಕೊಟ್ಟೆ. ‘ಇದಕ್ಕೆ ಬಣ್ಣಾನೇ ಇಲ್ವಲ್ಲ ಮಿಸ್’ ಎಂದು ಬೆಳಕಿಗೆ ಹಿಡಿದು ನೋಡಿದ, ಆಮೇಲೆ ಪುಟದ ಮೇಲಿಟ್ಟು ಅಷ್ಟೇ ಚುರುಕಾಗಿ ಓದಿದ. ಮೊದಲ ವಾರದ ಏರಿಕೆಗೆ ಕಾರಣ ಹಳದಿ ಬಣ್ಣವಲ್ಲ, ಪಕ್ಕದಲ್ಲಿ ಕುಳಿತು ಹೊಸ ವಸ್ತುವೊಂದನ್ನು ಕೊಟ್ಟು ಗಮನವಿಟ್ಟು ಕೇಳುವ ಒಬ್ಬರಿದ್ದದ್ದು ಇರಬೇಕು. ಜೊತೆಗೆ ನಾನು ಅದೇ ಭಾಗವನ್ನು ಎರಡೆರಡು ಸಲ ಓದಿಸಿದ್ದೂ ಇದೆ, ಅದು ನನ್ನದೇ ತಪ್ಪು. ಹಾಳೆ ಇಟ್ಟುಕೊಂಡರೆ ಹಿತವೆನಿಸುತ್ತದೆ ಎನ್ನುವ ಮಗುವಿನಿಂದ ಅದನ್ನು ಕಸಿದುಕೊಳ್ಳಬೇಕಾಗಿಲ್ಲ. ಆದರೆ ಅದನ್ನು ಚಿಕಿತ್ಸೆಯೆಂದು ನಾಲ್ಕು ಪುಟ ಬರೆಯುವುದು ತಪ್ಪು.

ಕಥೆಪುಸ್ತಕಗಳ ಅಕ್ಷರಗಳು ಬುಡದಲ್ಲಿ ದಪ್ಪವಾಗಿದ್ದು, ತಲೆಕೆಳಗಾಗದಂತೆ ನೆಲಕ್ಕೆ ಕಚ್ಚಿಕೊಂಡಿರುತ್ತವೆ ಎಂದು ಕೈಪಿಡಿ ವಿವರಿಸುತ್ತದೆ. ಈ ಬಗೆಯ ಅಕ್ಷರಶೈಲಿಗಳನ್ನು ಪರೀಕ್ಷಿಸಿದ ಅಧ್ಯಯನಗಳು ನಿರಾಶಾದಾಯಕವಾಗಿವೆ. 2017ರಲ್ಲಿ ಪ್ರಕಟವಾದ ಒಂದರಲ್ಲಿ ಓಪನ್‌ಡಿಸ್ಲೆಕ್ಸಿಕ್ ಎಂಬ ಶೈಲಿಯಿಂದ ವೇಗವೂ ಹೆಚ್ಚಲಿಲ್ಲ, ತಪ್ಪುಗಳೂ ಕಡಿಮೆಯಾಗಲಿಲ್ಲ. 2016ರ ಇನ್ನೊಂದರಲ್ಲಿ ಡಿಸ್ಲೆಕ್ಸೀ ಎಂಬ ಶೈಲಿಯಿಂದ ಸ್ವಲ್ಪ ಲಾಭ ಕಂಡಿತಾದರೂ, ಸಾಮಾನ್ಯ ಏರಿಯಲ್ ಶೈಲಿಯಲ್ಲಿ ಅಕ್ಷರಗಳ ಮತ್ತು ಪದಗಳ ನಡುವಿನ ಅಂತರವನ್ನು ಅಷ್ಟೇ ಹಿಗ್ಗಿಸಿದಾಗ ಆ ವ್ಯತ್ಯಾಸ ಮಾಯವಾಯಿತು. ಅಂದರೆ ನೆರವಾದದ್ದು ಅಕ್ಷರದ ಆಕಾರವಲ್ಲ, ನಡುವಿನ ಖಾಲಿ ಜಾಗ. ಇಟಲಿ ಮತ್ತು ಫ್ರಾನ್ಸಿನ ಮಕ್ಕಳ ಮೇಲೆ ನಡೆದ 2012ರ ಅಧ್ಯಯನವೂ ಇದನ್ನೇ ಬೆಂಬಲಿಸುತ್ತದೆ: ಅಕ್ಷರಗಳ ನಡುವೆ ಅಂತರ ಹೆಚ್ಚಿಸಿದಾಗ ಡಿಸ್ಲೆಕ್ಸಿಯಾ ಇರುವ ಮಕ್ಕಳು ಹೆಚ್ಚು ಸರಿಯಾಗಿ, ಹೆಚ್ಚು ವೇಗವಾಗಿ ಓದಿದರು. ಈ ಪುಸ್ತಕಗಳಲ್ಲಿ ಅಂತರ ಧಾರಾಳವಾಗಿದೆ, ಸಾಲುಗಳು ಚಿಕ್ಕವಾಗಿವೆ, ಕಾಗದ ಕಣ್ಣಿಗೆ ಹೊಳೆಯುವುದಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯವು. ಆದರೆ ಅಂತರ ಹೆಚ್ಚಿಸುವ ಕೆಲಸವನ್ನು ಯಾವ ಕಂಪ್ಯೂಟರಿನಲ್ಲಾದರೂ ಒಂದು ನಿಮಿಷದಲ್ಲಿ ಮಾಡಬಹುದು. ಕಥೆಗಳೋ ತೀರಾ ಎಳೆಯ ಮಕ್ಕಳವು. ಓದಲು ಬಾರದ ಒಂಬತ್ತು ವರ್ಷದ ಮಗುವಿನ ಬುದ್ಧಿಗೂ ಒಂಬತ್ತು ವರ್ಷವೇ ಆಗಿರುತ್ತದೆ ಎಂಬುದು ಬರೆದವರಿಗೆ ಹೊಳೆದಂತಿಲ್ಲ. ಬೆಕ್ಕಿನ ಮರಿಯ ಚಿತ್ರವಿದ್ದ ಪುಸ್ತಕವನ್ನು ಆ ಹುಡುಗ ವಿಜ್ಞಾನದ ಪಠ್ಯಪುಸ್ತಕದೊಳಗೆ ಅಡಗಿಸಿಕೊಂಡು ತರಗತಿಯಿಂದ ನನ್ನ ಕೊಠಡಿಗೆ ಬರುತ್ತಿದ್ದ.

ಮರಳಿನ ತಟ್ಟೆಯ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ನೋಡುತ್ತಾ, ಕೇಳುತ್ತಾ, ಬೆರಳಿನಿಂದ ಬರೆಯುತ್ತಾ ಕಲಿಯುವ ಪದ್ಧತಿ ಅಮೆರಿಕದ ನರವೈದ್ಯ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಶಿಕ್ಷಣತಜ್ಞೆ ಆ್ಯನಾ ಗಿಲ್ಲಿಂಗ್‌ಹ್ಯಾಮ್ ಅವರ ಕಾಲದಿಂದ ಬಂದದ್ದು, ಗೌರವಾರ್ಹವಾದದ್ದು. ಆ ಪದ್ಧತಿಯ ಕುರಿತ ಅಧ್ಯಯನಗಳನ್ನು 2021ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಸಿಕ್ಕ ಲಾಭ ಚಿಕ್ಕದಾಗಿತ್ತು, ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಖಚಿತವೆನ್ನುವಂತೆಯೂ ಇರಲಿಲ್ಲ. ಅದರ ಸತ್ವ ಇರುವುದು ಪಾಠವನ್ನು ಬಿಡಿಬಿಡಿಯಾಗಿ, ಕ್ರಮವಾಗಿ, ನೇರವಾಗಿ ಹೇಳಿಕೊಡುವುದರಲ್ಲಿ, ಮರಳಿನಲ್ಲಲ್ಲ ಎಂದು ನನಗನಿಸುತ್ತದೆ. ತಟ್ಟೆಯ ಅಂಚು ತಗ್ಗಾಗಿದೆ, ಮೊದಲ ದಿನವೇ ಅರ್ಧ ಮರಳು ನೆಲದಲ್ಲಿತ್ತು.

ನೆನಪಿನ ಆಟದ ವಿಷಯವೂ ಅಷ್ಟೆ. ಇಂಥ ತರಬೇತಿಗಳನ್ನು ಕುರಿತು ಮೆಲ್ಬಿ-ಲೆರ್ವೊಗ್ ಮತ್ತು ಹ್ಯೂಮ್ 2013ರಲ್ಲಿ ಮಾಡಿದ ಸಮಗ್ರ ಪರಿಶೀಲನೆಯ ಪ್ರಕಾರ ಮಕ್ಕಳು ಆ ಆಟದಲ್ಲಿ ನಿಪುಣರಾಗುತ್ತಾರೆ, ಆ ನೈಪುಣ್ಯ ಓದಿಗಾಗಲಿ ಲೆಕ್ಕಕ್ಕಾಗಲಿ ಹರಿದು ಬರುವುದಿಲ್ಲ. ನಮ್ಮ ಹುಡುಗ ಎರಡು ತಿಂಗಳಲ್ಲಿ ಆಟದ ಅತಿ ಎತ್ತರದ ಹಂತ ಮುಟ್ಟಿ ನನ್ನನ್ನೂ ಸೋಲಿಸಿದ. ಓದು ಇದ್ದಲ್ಲೇ ಇತ್ತು.

ಇನ್ನು ಪೆಟ್ಟಿಗೆಯ ಜೀವಾಳವಾದ ಧ್ವನಿ ಕಾರ್ಡುಗಳು. ಒಂದು ಬದಿಯಲ್ಲಿ ಅಕ್ಷರ ಅಥವಾ ಅಕ್ಷರಗಳ ಜೋಡಿ, ಇನ್ನೊಂದು ಬದಿಯಲ್ಲಿ ಆ ಧ್ವನಿಯಿರುವ ಪದ, ಅಷ್ಟೇ, ಚಿತ್ರವಿಲ್ಲ, ಬಣ್ಣವಿಲ್ಲ. ಚಿತ್ರವಿಲ್ಲದಿರುವುದೇ ಒಳ್ಳೆಯದಾಯಿತು, ಮಗು ಚಿತ್ರ ನೋಡಿ ಪದ ಊಹಿಸುವ ದಾರಿ ಮುಚ್ಚಿಹೋಗುತ್ತದೆ. ಅಮೆರಿಕದ ರಾಷ್ಟ್ರೀಯ ಓದು ಸಮಿತಿ 2000ದಲ್ಲಿ ಕೊಟ್ಟ ವರದಿಯು ಓದು ಕಲಿಸುವುದರ ಐದು ಅಂಗಗಳನ್ನು ಎತ್ತಿ ಹೇಳಿತು: ಧ್ವನಿಗಳ ಅರಿವು, ಅಕ್ಷರ ಮತ್ತು ಧ್ವನಿಗಳ ಸಂಬಂಧ, ಸರಾಗತೆ, ಪದಸಂಪತ್ತು, ಅರ್ಥಗ್ರಹಣ. ಈ ಕಾರ್ಡುಗಳು ಮೊದಲಿನ ಎರಡನ್ನು ನೇರವಾಗಿ ಮುಟ್ಟುತ್ತವೆ. ಕಲಿಕಾ ನ್ಯೂನತೆಯುಳ್ಳ ಮಕ್ಕಳಿಗೆ ಕಲಿಸಿದ 180 ಪ್ರಯೋಗಗಳನ್ನು ಸ್ವಾನ್‌ಸನ್ ಮತ್ತು ಹೋಸ್ಕಿನ್ 1998ರಲ್ಲಿ ಒಟ್ಟಿಗೆ ತೂಗಿ ನೋಡಿದಾಗ, ಹಂತಹಂತವಾಗಿ ನೇರವಾಗಿ ಹೇಳಿಕೊಡುವುದು ಮತ್ತು ಕೆಲಸ ಮಾಡುವ ತಂತ್ರವನ್ನು ಮಗುವಿಗೇ ಬಾಯಿಬಿಟ್ಟು ಕಲಿಸುವುದು, ಈ ಎರಡೂ ಸೇರಿದ ಬೋಧನೆಯೇ ಹೆಚ್ಚು ಫಲ ಕೊಟ್ಟಿತ್ತು. ಆದ್ದರಿಂದ ಕಾರ್ಡನ್ನು ತೋರಿಸಿ ಉತ್ತರ ಕೇಳುವುದಷ್ಟೇ ಸಾಲದು. ಕೈಪಿಡಿಯ ಒಂದು ಪುಟ ಹೇಳುವುದು ಮಾತ್ರ ಅಷ್ಟನ್ನೇ.

ನಾನು ಬಳಸಿದ ಬಗೆ ಹೀಗಿದೆ. ದಿನಕ್ಕೆ ಎಂಟು ಕಾರ್ಡು, ಅದರಲ್ಲಿ ಹೊಸದು ಎರಡೇ. ‘ಸ್ಟಾಪ್’ ಎಂಬ ಪದಕ್ಕೆ ನಾಲ್ಕು ಕಾರ್ಡುಗಳನ್ನು ಮೇಜಿನ ಮೇಲೆ ಬಿಡಿಬಿಡಿಯಾಗಿ ಇಟ್ಟು, ಮೊದಲು ನಾನೇ ಒಂದೊಂದನ್ನು ಮುಟ್ಟಿ ‘ಸ್’, ‘ಟ್’, ‘ಆ’, ‘ಪ್’ ಎಂದು ಹೇಳಿ, ಆಮೇಲೆ ಬೆರಳನ್ನು ಎಡದಿಂದ ಬಲಕ್ಕೆ ಎತ್ತದೆ ಎಳೆಯುತ್ತಾ ಕೂಡಿಸಿ ಓದುತ್ತಿದ್ದೆ, ಬಳಿಕ ಆ ಹುಡುಗ ಮತ್ತು ನಾನು ಒಟ್ಟಿಗೆ, ಕೊನೆಗೆ ಅವನೊಬ್ಬನೇ. ಅವನು ‘ಟ್’ ಅನ್ನು ನುಂಗಿ ‘ಸಾಪ್’ ಎನ್ನುತ್ತಿದ್ದ. ತಪ್ಪು ಎನ್ನುವ ಬದಲು ಎರಡನೆಯ ಕಾರ್ಡನ್ನು ಸ್ವಲ್ಪ ಮೇಲಕ್ಕೆ ಸರಿಸಿ, ‘ಇವನನ್ನು ಎಲ್ಲಿ ಬಿಟ್ಟು ಬಂದೆ?’ ಎಂದು ಕೇಳುತ್ತಿದ್ದೆ. ಮೂರನೆಯ ವಾರದ ಹೊತ್ತಿಗೆ ಅವನು ತಾನೇ ಕಾರ್ಡನ್ನು ಮೇಲಕ್ಕೆ ಸರಿಸಿ ತನ್ನನ್ನು ತಿದ್ದಿಕೊಳ್ಳತೊಡಗಿದ. ಕಾರ್ಡು ಗಟ್ಟಿ ರಟ್ಟಿನದಾದ್ದರಿಂದ ಒಂದು ವರ್ಷದ ಸರಿದಾಟವನ್ನು ತಾಳಿಕೊಂಡಿದೆ. ಕೊರತೆಯೆಂದರೆ ಅನುಕ್ರಮ. ಕಾರ್ಡುಗಳಿಗೆ ವರ್ಣಮಾಲೆಯ ಸಾಲಿನಂತೆ ಸಂಖ್ಯೆ ಹಾಕಿರುವುದರಿಂದ ‘ಬಿ’ ಮತ್ತು ‘ಡಿ’ ಒಂದೇ ವಾರದಲ್ಲಿ ಬರುತ್ತವೆ. ಗೊಂದಲ ಹುಟ್ಟಿಸುವ ಅಕ್ಷರಗಳಲ್ಲಿ ಒಂದು ಗಟ್ಟಿಯಾಗುವವರೆಗೆ ಇನ್ನೊಂದನ್ನು ತರಬಾರದೆಂಬುದು ನೇರ ಬೋಧನೆಯ ಹಳೆಯ ನಿಯಮ. ಕೊಂಡವರು ಮೊದಲ ದಿನವೇ ಆ ಸಂಖ್ಯೆಗಳನ್ನು ಮರೆತು ತಮ್ಮದೇ ಕ್ರಮ ಮಾಡಿಕೊಳ್ಳುವುದು ಲೇಸು.

ಇದೇ ಕಾರ್ಡುಗಳಿಂದ ಕನ್ನಡ ಓದನ್ನೂ ಸುಧಾರಿಸಬಹುದೇ ಎಂದು ಒಬ್ಬ ಪೋಷಕರು ಕೇಳಿದ್ದರು. ಆಗದು. ಕನ್ನಡದ ಅಕ್ಷರ ಒಂದು ಬಿಡಿ ಧ್ವನಿಯ ಗುರುತಲ್ಲ, ವ್ಯಂಜನ ಮತ್ತು ಸ್ವರ ಬೆಸೆದ ಒಂದು ಘಟಕ. ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿ ಕಲಿಯಬೇಕಾದ ಗುರುತುಗಳ ಸಂಖ್ಯೆ ನೂರಾರು. ಕನ್ನಡದ ಮಕ್ಕಳ ಓದನ್ನು ಅಧ್ಯಯನ ಮಾಡಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಲೇಖನವು ಈ ಅಕ್ಷರಗಳ ಕಲಿಕೆ ಮೊದಲೆರಡು ತರಗತಿಗಳಲ್ಲಿ ಮುಗಿಯದೆ ಮುಂದಕ್ಕೂ ಚಾಚುತ್ತದೆಂದೂ, ಬಿಡಿ ಧ್ವನಿಗಳ ಅರಿವು ನಿಧಾನವಾಗಿ ಬೆಳೆಯುತ್ತದೆಂದೂ ತೋರಿಸಿತು. ಮೂರನೆಯ ತರಗತಿಯ ಮಗು ಒತ್ತಕ್ಷರದಲ್ಲಿ ಎಡವಿದ ಮಾತ್ರಕ್ಕೆ ನ್ಯೂನತೆಯ ಹಣೆಪಟ್ಟಿ ಹಚ್ಚಬಾರದೆಂಬ ಎಚ್ಚರವೂ ಇದರಲ್ಲಿದೆ. ಇಂಗ್ಲಿಷಿಗೆಂದು ಮಾಡಿದ ಕಾರ್ಡಿಗೆ ಈ ಕೆಲಸ ಹೊರಿಸುವುದು ಕಾರ್ಡಿಗೂ ಮಗುವಿಗೂ ಅನ್ಯಾಯ.

ಓದುವ ಪೆನ್ನು ಪೆಟ್ಟಿಗೆಯ ಎರಡನೆಯ ಒಳ್ಳೆಯ ವಸ್ತು. ಇದನ್ನು ಬೋಧನೆಯ ಸಾಧನವೆಂದು ತಿಳಿಯದೆ ಆಸರೆಯ ಸಾಧನವೆಂದು ತಿಳಿದರೆ ನಿರಾಶೆಯಾಗುವುದಿಲ್ಲ. ಓದಿ ಅರ್ಥಮಾಡಿಕೊಳ್ಳುವುದು ಎಂದರೆ ಅಕ್ಷರ ಬಿಡಿಸುವ ಶಕ್ತಿ ಮತ್ತು ಕೇಳಿದ ಮಾತನ್ನು ಗ್ರಹಿಸುವ ಶಕ್ತಿ ಇವೆರಡರ ಗುಣಲಬ್ಧ ಎಂದು ಗಫ್ ಮತ್ತು ಟನ್ಮರ್ 1986ರಲ್ಲಿ ಸರಳವಾಗಿ ಹೇಳಿದ್ದರು. ಕೂಡಿಸುವ ಲೆಕ್ಕವಲ್ಲ, ಗುಣಿಸುವ ಲೆಕ್ಕ; ಮೊದಲನೆಯದು ಸೊನ್ನೆಯಾದರೆ ಎರಡನೆಯದು ಎಷ್ಟಿದ್ದರೂ ಉತ್ತರ ಸೊನ್ನೆ. ಪೆನ್ನು ಆ ಮೊದಲನೆಯ ಶಕ್ತಿಯನ್ನು ಮಗುವಿಗೆ ಎರವಲು ಕೊಡುತ್ತದೆ. ಪಠ್ಯವನ್ನು ಯಂತ್ರದ ಧ್ವನಿಯಲ್ಲಿ ಕೇಳಿಸುವುದರಿಂದ ಓದಿನ ತೊಂದರೆಯಿರುವ ಮಕ್ಕಳ ಅರ್ಥಗ್ರಹಣಕ್ಕೆ ಆಗುವ ಲಾಭವನ್ನು 2018ರ ಒಂದು ಸಮಗ್ರ ವಿಶ್ಲೇಷಣೆ ಸರಾಸರಿ 0.35 ಎಂಬ ಪರಿಣಾಮ ಪ್ರಮಾಣದಲ್ಲಿ (ಕೇಳಿಸಿದಾಗ ಮತ್ತು ಕೇಳಿಸದಿದ್ದಾಗ ಕಾಣುವ ವ್ಯತ್ಯಾಸದ ಅಳತೆ) ಅಳೆದಿದೆ. ದೊಡ್ಡದಲ್ಲ, ಕಡೆಗಣಿಸುವಂಥದ್ದೂ ಅಲ್ಲ. ನೀರು ಆವಿಯಾಗುವ ಪಾಠವನ್ನು ಪೆನ್ನಿನಿಂದ ಕೇಳಿಸಿಕೊಂಡ ಆ ಹುಡುಗ, ಒದ್ದೆ ಬಟ್ಟೆ ಗಾಳಿಯಿದ್ದಾಗ ಬೇಗ ಒಣಗುವುದೇಕೆ ಎಂಬ ಪ್ರಶ್ನೆಗೆ ತರಗತಿಯಲ್ಲಿ ಎದ್ದುನಿಂತು ಉತ್ತರಿಸಿದನೆಂದು ಅವನ ವಿಜ್ಞಾನದ ಶಿಕ್ಷಕರು ಬಂದು ಹೇಳಿದರು. ಅದಕ್ಕೂ ಮುಂಚೆ ಅವನು ಆ ತರಗತಿಯಲ್ಲಿ ಬಾಯಿ ಬಿಟ್ಟದ್ದನ್ನು ಅವರು ಕಂಡಿರಲಿಲ್ಲ.

ಪೆನ್ನಿನ ದೋಷಗಳೂ ಇವೆ. ಕೈ ಸ್ವಲ್ಪ ಓರೆಯಾದರೂ ಅದು ಮೇಲಿನ ಸಾಲಿಗೆ ಜಿಗಿಯುತ್ತದೆ. ದಪ್ಪ ಪುಸ್ತಕದಲ್ಲಿ ಹೊಲಿಗೆಯ ಹತ್ತಿರ ಬಾಗಿದ ಪದಗಳನ್ನು ಅರ್ಧಕ್ಕೆ ತುಂಡರಿಸುತ್ತದೆ. ಎಡಗೈಯವರಿಗಾಗಿ ದಿಕ್ಕು ಬದಲಿಸುವ ಆಯ್ಕೆ ಇದೆಯಾದರೂ ಅದನ್ನು ಹುಡುಕಲು ನನಗೆ ಎರಡು ದಿನ ಹಿಡಿಯಿತು, ಕೈಪಿಡಿಯಲ್ಲಿ ಅದರ ಸುಳಿವೇ ಇಲ್ಲ. ಕಂಪ್ಯೂಟರಿನಲ್ಲಿ ಅಥವಾ ಮೊಬೈಲಿನಲ್ಲಿ ಪಠ್ಯ ಇರುವವರಿಗೆ ಅದರಲ್ಲೇ ಇರುವ ಓದಿ ಹೇಳುವ ಸೌಲಭ್ಯ ಇದಕ್ಕಿಂತ ಸಲೀಸು. ಅಚ್ಚಾದ ಪುಸ್ತಕವನ್ನೇ ಓದಬೇಕಾದಲ್ಲಿ, ಇಯರ್‌ಫೋನ್ ಹಾಕಿಕೊಂಡು ಉಳಿದವರಿಗೆ ತೊಂದರೆಯಾಗದಂತೆ ಕುಳಿತಿರಬೇಕಾದಲ್ಲಿ ಪೆನ್ನಿಗೆ ಸಾಟಿಯಿಲ್ಲ.

ಕೊನೆಗೆ, ಪೆಟ್ಟಿಗೆಯ ತಳದಲ್ಲಿ ಸಿಕ್ಕ ಆ ಗ್ರಾಫ್ ಪುಸ್ತಕ. ಇದಕ್ಕಾಗಿಯೇ ಈ ವಿಮರ್ಶೆ ಬರೆಯಬೇಕೆನಿಸಿತು. ವಾರಕ್ಕೊಮ್ಮೆಯೋ ಎರಡು ಸಲವೋ ಮಗು ಹಿಂದೆ ಓದಿರದ, ಆದರೆ ಕಷ್ಟದಲ್ಲಿ ಸಮನಾದ ಒಂದು ಭಾಗವನ್ನು ಒಂದು ನಿಮಿಷ ಗಟ್ಟಿಯಾಗಿ ಓದಿಸಿ, ಸರಿಯಾಗಿ ಓದಿದ ಪದಗಳನ್ನು ಎಣಿಸಿ, ಗ್ರಾಫಿನಲ್ಲಿ ಒಂದು ಚುಕ್ಕೆ ಇಡುವುದು. ಸ್ಟಾನ್ಲಿ ಡೆನೊ ರೂಪಿಸಿ 1985ರ ಲೇಖನದಲ್ಲಿ ವಿವರಿಸಿದ, ಆಮೇಲೆ ಲಿನ್ ಫುಕ್ಸ್ ಮತ್ತು ಡಗ್ಲಸ್ ಫುಕ್ಸ್ ಬೆಳೆಸಿದ ಈ ಅಳತೆಯ ಕ್ರಮದಲ್ಲಿ ಪರೀಕ್ಷೆಯ ಭಯವಿಲ್ಲ, ವರ್ಷದ ಕೊನೆಯವರೆಗೆ ಕಾಯುವುದೂ ಇಲ್ಲ. ಆರಂಭದ ಚುಕ್ಕೆಯಿಂದ ಗುರಿಯವರೆಗೆ ಒಂದು ಓರೆಗೆರೆ ಎಳೆದುಕೊಂಡು, ಸತತ ನಾಲ್ಕು ಚುಕ್ಕೆಗಳು ಆ ಗೆರೆಯ ಕೆಳಗೆ ಬಿದ್ದರೆ ಬದಲಾಯಿಸಬೇಕಾದದ್ದು ಬೋಧನೆಯನ್ನು. ಈ ನಿಯಮ ಕೈಪಿಡಿಯಲ್ಲಿಲ್ಲ! ಅಲ್ಲಿರುವುದು ‘ಮಗುವಿನ ಪ್ರಗತಿಯನ್ನು ದಾಖಲಿಸಿ ಸಂಭ್ರಮಿಸಿ’ ಎಂಬ ಒಂದೇ ಸಾಲು. ಸಮನಾದ ಕಷ್ಟದ ಓದಿನ ಭಾಗಗಳನ್ನೂ ಅವರು ಕೊಟ್ಟಿಲ್ಲ. ಇಪ್ಪತ್ತನಾಲ್ಕು ಭಾಗಗಳನ್ನು ನಾನೇ ಆರಿಸಿ ಪದ ಎಣಿಸಿ ಅಚ್ಚು ಹಾಕಿಕೊಂಡೆ.

ಆ ಹುಡುಗನ ಮೊದಲ ಚುಕ್ಕೆ 31ರಲ್ಲಿತ್ತು. ಆರನೆಯ ವಾರದವರೆಗೆ ಮೆಲ್ಲಗೆ ಏರಿ, ಏಳರಿಂದ ಹತ್ತರವರೆಗೆ ನಾಲ್ಕೂ ಚುಕ್ಕೆಗಳು ಗೆರೆಯ ಕೆಳಗೆ ಸಾಲಾಗಿ ಕುಳಿತವು. ನಾನು ಕಾರ್ಡುಗಳಲ್ಲೇ ಮುಳುಗಿ ಸರಾಗತೆಯನ್ನು ಮರೆತಿದ್ದೆ. ಹನ್ನೊಂದನೆಯ ವಾರದಿಂದ ಕಾರ್ಡಿನ ಸಮಯವನ್ನು ಅರ್ಧಕ್ಕಿಳಿಸಿ, ಒಂದೇ ಚಿಕ್ಕ ಭಾಗವನ್ನು ತಿದ್ದುತ್ತಾ ಮೂರು ನಾಲ್ಕು ಸಲ ಓದಿಸುವುದನ್ನು ಸೇರಿಸಿದೆ. ಜೇ ಸ್ಯಾಮ್ಯುಯೆಲ್ಸ್ 1979ರಲ್ಲಿ ಪ್ರಚುರಪಡಿಸಿದ ಹಳೆಯ ವಿಧಾನವಿದು. ಚುಕ್ಕೆಗಳು ಮತ್ತೆ ಏರತೊಡಗಿದವು. ಗ್ರಾಫ್ ಇಲ್ಲದಿದ್ದರೆ ತಪ್ಪನ್ನು ಹುಡುಗನ ಮೇಲೆ ಹಾಕಿ ಇನ್ನೂ ಎರಡು ತಿಂಗಳು ಕಾರ್ಡು ಸರಿಸುತ್ತಿದ್ದೆನೋ ಏನೋ.

ಪೆಟ್ಟಿಗೆಯ ದೊಡ್ಡ ಸುಳ್ಳು ಯಾವುದೆಂದರೆ ಕಾಲದ್ದು. ‘ದಿನಕ್ಕೆ 15 ನಿಮಿಷ, 90 ದಿನಗಳಲ್ಲಿ ಸಹಪಾಠಿಗಳ ಸಮಕ್ಕೆ’ ಎಂದು ಮುಚ್ಚಳ ಸಾರುತ್ತದೆ. ಕೂಡಿಸಿದರೆ ಇಪ್ಪತ್ತೆರಡೂವರೆ ಗಂಟೆ. ಜೋಸೆಫ್ ಟೋರ್ಗೆಸನ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೀವ್ರ ಓದಿನ ನ್ಯೂನತೆಯಿದ್ದ 8ರಿಂದ 10 ವರ್ಷದ 60 ಮಕ್ಕಳಿಗೆ, ಒಬ್ಬರಿಗೆ ಒಬ್ಬ ಶಿಕ್ಷಕರಂತೆ, ದಿನಕ್ಕೆ 50 ನಿಮಿಷದ ಎರಡು ಅವಧಿಗಳಲ್ಲಿ ಸುಮಾರು ಎಂಟು ವಾರ, ಒಟ್ಟು 67.5 ಗಂಟೆ ಪಾಠ ನಡೆಯಿತು. ಪೆಟ್ಟಿಗೆ ಹೇಳುವುದು ಅದರ ಮೂರನೆಯ ಒಂದು ಪಾಲು. ಅಷ್ಟು ತೀವ್ರವಾಗಿ ಕಲಿಸಿದ ಮೇಲೆ ಮಕ್ಕಳ ಓದು ನಿಖರವಾಯಿತು, ಅರ್ಥಗ್ರಹಣ ಸುಧಾರಿಸಿತು, ಸುಮಾರು ಶೇಕಡಾ 40ರಷ್ಟು ಮಕ್ಕಳಿಗೆ ಒಂದು ವರ್ಷದೊಳಗೆ ವಿಶೇಷ ಬೋಧನೆಯ ಅಗತ್ಯ ಉಳಿಯಲಿಲ್ಲ; ಆದರೆ ಓದಿನ ವೇಗ ಮಾತ್ರ ಸಮವಯಸ್ಕರಿಗಿಂತ ಹಿಂದೆಯೇ ಇತ್ತು. ಈ ಫಲ ಆಶಾದಾಯಕವೇ. ತೊಂಬತ್ತು ದಿನಗಳ ಭರವಸೆ ಕೇಳಿ ಬಂದ ತಂದೆತಾಯಿಗಳಿಗೆ ಮಾತ್ರ ಅದು ಸೋಲಿನಂತೆ ಕಾಣುತ್ತದೆ, ಆ ಸೋಲಿನ ಹೊರೆ ಮಗುವಿನ ಹೆಗಲಿಗೆ ಬೀಳುತ್ತದೆ. ಮುಚ್ಚಳದ ಮೇಲಿನ ಸಂಶೋಧನೆ ಯಾವುದೆಂದು ತಯಾರಕರಿಗೆ ಎರಡು ಸಲ ಬರೆದು ಕೇಳಿದೆ. ಮೊದಲನೆಯದಕ್ಕೆ ಉತ್ತರವಿಲ್ಲ, ಎರಡನೆಯದಕ್ಕೆ ಪೋಷಕರ ಮೆಚ್ಚುಗೆಯ ಮಾತುಗಳಿದ್ದ ಒಂದು ಬಣ್ಣದ ಕರಪತ್ರ ಬಂತು.

ಮುಚ್ಚಳದ ಮೇಲೆ ‘ಕಲಿಕಾ ನ್ಯೂನತೆ’ ಎಂದೇ ಇದ್ದರೂ ಒಳಗೆ ಬರವಣಿಗೆಗಾಗಲಿ ಲೆಕ್ಕಕ್ಕಾಗಲಿ ಏನೂ ಇಲ್ಲ ಎಂಬುದನ್ನೂ ಕೊಳ್ಳುವವರು ತಿಳಿದಿರಬೇಕು. ಅವುಗಳ ಬೋಧನೆಗೂ ಒಳ್ಳೆಯ ಅಧ್ಯಯನಗಳ ಬೆಂಬಲವಿರುವ ಕ್ರಮಗಳಿವೆ: ಲೆಕ್ಕದಲ್ಲಿ ಮೊದಲು ವಸ್ತು, ಆಮೇಲೆ ಚಿತ್ರ, ಕೊನೆಗೆ ಅಂಕಿ ಎಂದು ಸಾಗುವುದು, ಬರವಣಿಗೆಯಲ್ಲಿ ಯೋಜನೆ ಮಾಡುವ ತಂತ್ರವನ್ನೂ ತನ್ನನ್ನು ತಾನು ನಡೆಸಿಕೊಳ್ಳುವ ರೀತಿಯನ್ನೂ ಒಟ್ಟಿಗೆ ಕಲಿಸುವ, ಕ್ಯಾರೆನ್ ಹ್ಯಾರಿಸ್ ಮತ್ತು ಸ್ಟೀವ್ ಗ್ರಹಾಂ ಅವರ ಪದ್ಧತಿ.

ಕಾರ್ಡು ಮತ್ತು ಪೆನ್ನು ಬಿಡಿಯಾಗಿ ಸಿಗುವುದಾದರೆ ಅವೆರಡನ್ನೇ ಕೊಳ್ಳಿ. ಇಡೀ ಪೆಟ್ಟಿಗೆ ಬೇಕಾಗಿಲ್ಲ. ನಮ್ಮ ಕೊಠಡಿಯಲ್ಲಿ ಬಣ್ಣದ ಹಾಳೆಗಳು ಈಗ ಚಿತ್ರಕಲೆಯ ಶಿಕ್ಷಕಿಯ ಬಳಿ ಇವೆ, ಮರಳಿನ ತಟ್ಟೆಯಲ್ಲಿ ಸೀಮೆಸುಣ್ಣ ಇಟ್ಟಿದ್ದೇವೆ. ಗ್ರಾಫ್ ಪುಸ್ತಕದಲ್ಲಿ ಇಪ್ಪತ್ತನಾಲ್ಕು ವಾರಗಳಿಗಷ್ಟೇ ಜಾಗವಿದೆ, ಎರಡನೆಯದನ್ನು ಅವರು ಪ್ರತ್ಯೇಕವಾಗಿ ಮಾರುವುದಿಲ್ಲ. ಅದು ತುಂಬಿದ ದಿನ ಹುಡುಗ ಲೆಕ್ಕದ ನೋಟ್‌ಬುಕ್ಕಿನಿಂದ ಚೌಕಳಿ ಹಾಳೆಯೊಂದನ್ನು ಹರಿದು ತಂದು ಕೊನೆಯ ಪುಟಕ್ಕೆ ಅಂಟಿಸಿ, ಹಿಂದಿನ ವಾರದ 58ರ ಚುಕ್ಕೆಯನ್ನು ಹೊಸ ಹಾಳೆಯ ಅಂಚಿಗೆ ನಕಲು ಮಾಡಿ, ಅಲ್ಲಿಂದ ಓರೆಗೆರೆಯನ್ನು ತಾನೇ ಎಳೆದುಕೊಂಡ. ಗೆರೆ ನಾನು ಎಳೆಯುತ್ತಿದ್ದುದಕ್ಕಿಂತ ಸ್ವಲ್ಪ ಕಡಿದಾಗಿತ್ತು; ತಿದ್ದಲಿಲ್ಲ.